ನಡೆದದ್ದಕ್ಕೆ ಒಂದು ಗೆರೆ

ಮನೆಯೊಳಗಿನ ಹಿಂಸೆಯ ಮೊಕದ್ದಮೆಗಳಲ್ಲಿ ದೂರು ಕೊಟ್ಟವರ ಪರವಾಗಿ ನಿಲ್ಲುವ ವಕೀಲರಿಗೆ ಸಮಾಜದ ಗೌರವ ತಾನಾಗಿ ಒದಗುತ್ತದೆ. ಆಪಾದನೆ ಹೊತ್ತವರ ಪಕ್ಕದಲ್ಲಿ ನಿಲ್ಲುವವರಿಗೆ ಅದು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹಾಗೆ ನಿಂತವರು ಹೆಂಗಸಾದರಂತೂ 'ಹೋಗಿ ಹೋಗಿ ಇಂಥವರ ಪರ ನಿಲ್ಲೋದಾ' ಎಂದು ಮೂಗು ಮುರಿಯುವವರೇ ಹೆಚ್ಚು. ಮೂವತ್ತೆಂಟು ವರ್ಷ ಇದೊಂದೇ ಕೆಲಸವನ್ನು ತಲೆಯೆತ್ತಿ ಮಾಡಿ, ಮೂಗು ಮುರಿದವರ ಮನೆಯವರೇ ಮುಂದೊಂದು ದಿನ ಮೆಟ್ಟಿಲು ಹತ್ತಿ ಬಂದಾಗ ಅವರಿಗೂ ಕುರ್ಚಿ ತೋರಿಸಿ ನೀರು ಕೊಟ್ಟವರು ನಮ್ಮ ಮೇಡಂ. ಈ ತಿಂಗಳ ಕೊನೆಗೆ ಅವರು ಕಪ್ಪು ಕೋಟನ್ನು ಕಳಚಿಡುತ್ತಿದ್ದಾರೆ. ಅವರ ವಾದದ ಚಾತುರ್ಯವನ್ನೂ ಕಾನೂನಿನ ಪಾಂಡಿತ್ಯವನ್ನೂ ಕುರಿತು ಈ ಅಭಿನಂದನಾ ಸಂಪುಟದಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ. ಅವರ ಕಚೇರಿಯಲ್ಲಿ ಇಪ್ಪತ್ತು ವರ್ಷ ದುಡಿದವಳು ಎಂಬ ಕಾರಣಕ್ಕೆ ಸಂಪಾದಕರು ನನ್ನಿಂದಲೂ ಒಂದು ಲೇಖನ ಬಯಸಿದರು. ಆದರೆ ಆ ಕಚೇರಿಗೆ ನಾನು ಮೊದಲು ಕಾಲಿಟ್ಟದ್ದು ಆರೋಪಿಯಾಗಿ. ಜೂನಿಯರ್ ಆದದ್ದು ಆಮೇಲೆ. ಅದನ್ನು ಮುಚ್ಚಿಟ್ಟು ಬರೆದರೆ ಮೇಡಂ ಅವರೇ ಓದಿ, 'ಇದರಲ್ಲಿ ಗೆರೆ ಎಳೆಯೋ ಸಾಲು ಎಲ್ಲಿದೆಯಮ್ಮ?' ಎಂದು ಕೇಳುತ್ತಾರೆ.

ಗೆರೆಯ ಮಾತು ತಿಳಿಯದವರಿಗಾಗಿ ಹೇಳಬೇಕು. ಮೇಡಂ ಬಳಿ ಯಾರೇ ಬರಲಿ, ವಕಾಲತ್ತಿಗೆ ಸಹಿ ಹಾಕುವ ಮೊದಲು ತಮ್ಮ ಮೇಲಿನ ದೂರನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ದೂರಿನಲ್ಲಿ 'ನಾನು' ಎಂದಿದ್ದರೆ 'ನಾನು' ಎಂದೇ ಓದಬೇಕು. ನಡುವೆ 'ಸುಳ್ಳು' ಎಂದರೆ ಮತ್ತೆ ಮೊದಲ ಸಾಲಿನಿಂದ ಶುರು. ಓದಿ ಮುಗಿದ ಮೇಲೆ ಮೇಡಂ ಒಂದು ಪೆನ್ಸಿಲನ್ನು ಅವರ ಕಡೆಗೆ ಸರಿಸಿ, "ನಡೆದದ್ದಕ್ಕೆ ಗೆರೆ ಎಳೀರಿ. ಸುಳ್ಳು ಎಲ್ಲಿದೆ ಅಂತ ಹುಡುಕೋದು ನನ್ನ ಕೆಲಸ. ನಿಜ ಎಲ್ಲಿದೆ ಅಂತ ನಿಮ್ಮನ್ನ ಬಿಟ್ಟು ನನಗೆ ಯಾರು ಹೇಳ್ತಾರೆ?" ಎನ್ನುತ್ತಿದ್ದರು. ನ್ಯಾಯಾಲಯದ ಓಣಿಯಲ್ಲಿ ಅವರಿಗೆ 'ಗೆರೆ ಮೇಡಂ' ಎಂಬ ಹೆಸರು ಬಿದ್ದದ್ದು ಹೀಗೆ. ಒಮ್ಮೆ ಹಿಟ್ಟಿನ ಗಿರಣಿಯ ಮಾಲೀಕರೊಬ್ಬರು ಹತ್ತು ಸಲ 'ಸುಳ್ಳು' ಎಂದು ಹತ್ತು ಸಲವೂ ಮೊದಲಿಗೆ ಹೋದರು. ಹನ್ನೊಂದನೇ ಸಲ ಬಾಯಿ ತೆರೆದು, ಮೇಡಂ ಮುಖ ನೋಡಿ, ಪಕ್ಕದಲ್ಲಿದ್ದ ನೀರು ಕುಡಿದು ಮುಂದೆ ಓದಿದರು. ಹೊರಗೆ ಕೂತಿದ್ದ ಗುಮಾಸ್ತರು, ನಾವೆಲ್ಲ ಫೈಲು ಮಾಮ ಎಂದು ಕರೆಯುವವರು, "ಅವರ ಗಿರಣಿಯಲ್ಲೂ ಇಷ್ಟು ನುಣ್ಣಗೆ ಬೀಸಿರಲಿಕ್ಕಿಲ್ಲ" ಎಂದರು.

ಕಚೇರಿ ಇದ್ದದ್ದು ಜೆರಾಕ್ಸ್ ಅಂಗಡಿಯೊಂದರ ಮೇಲೆ, ಎರಡನೇ ಮಹಡಿಯಲ್ಲಿ. ಮೂವತ್ತೊಂದು ಮೆಟ್ಟಿಲು. ಹೊರಗಿನ ಕೋಣೆಯಲ್ಲಿ ಉದ್ದನೆಯ ಬೆಂಚು, ಫೈಲು ಮಾಮನ ಮೇಜು, ಗೋಡೆಯ ಮೇಲೆ ಮೊಳೆ ಹೊಡೆದ ಒಂದು ಹಲಗೆ. ಹಲಗೆಯ ತುಂಬ ಬೀಗದಕೈಗಳು. ಜಾಮೀನಿನ ಮೇಲೆ ಹೊರಬಂದವರಿಗೆ ಮನೆಯ ಹತ್ತಿರ ಸುಳಿಯಬಾರದೆಂದು ನ್ಯಾಯಾಲಯ ಷರತ್ತು ಹಾಕಿದಾಗ ಮೇಡಂ ಅವರ ಬೀಗದಕೈ ಇಸಿದುಕೊಂಡು ಚೀಟಿ ಕಟ್ಟಿ ಅಲ್ಲಿ ನೇತುಹಾಕುತ್ತಿದ್ದರು. "ಒಂದು ಅಂಗಿ ತರ್ತೀನಿ ಅಂತ ಹೋಗ್ತೀರಿ. ಅಲ್ಲಿ ಒಂದು ಮಾತಿಗೆ ಇನ್ನೊಂದು ಮಾತು ಬರತ್ತೆ. ಆಮೇಲೆ ನಿಮ್ಮ ಜಾಮೀನೂ ಇಲ್ಲ, ನಾನೂ ಇಲ್ಲ." ಅಂಗಿ ತರಲು ಪಟ್ಟಿ ಹಿಡಿದು ಹೋಗುತ್ತಿದ್ದವರು ಫೈಲು ಮಾಮ. ಒಂದು ಮನೆಯಲ್ಲಿ ಪಟ್ಟಿಯಲ್ಲಿಲ್ಲದ ಮಫ್ಲರೊಂದನ್ನು ಹೆಂಡತಿಯೇ ಮಡಚಿ ಕೊಟ್ಟು, "ಅವರಿಗೆ ಚಳಿಗೆ ಕೆಮ್ಮು ಬರತ್ತೆ, ನಾನು ಕೊಟ್ಟೆ ಅನ್ಬೇಡಿ" ಎಂದರಂತೆ. ಮೇಡಂ ಆ ಮಫ್ಲರನ್ನು ಬಹಳ ಹೊತ್ತು ಮೇಜಿನ ಮೇಲಿಟ್ಟುಕೊಂಡು ಕೂತಿದ್ದನ್ನು ಫೈಲು ಮಾಮ ಈಗಲೂ ಹೇಳುತ್ತಾರೆ.

ಈ ಮೆಟ್ಟಿಲನ್ನು ನಾನು ಮೊದಲು ಹತ್ತಿದ್ದು ಇಪ್ಪತ್ತೆರಡು ವರ್ಷದ ಹಿಂದೆ, ಅಪ್ಪ ಮತ್ತು ಅಣ್ಣನ ಜೊತೆಗೆ. ನನಗಾಗ ಇಪ್ಪತ್ನಾಲ್ಕು. ಕಾನೂನಿನ ಕೊನೆಯ ಪರೀಕ್ಷೆಗಳು ಆಗಷ್ಟೇ ಮುಗಿದಿದ್ದವು. ವಕೀಲಳಾಗಿ ಹೆಸರು ನೋಂದಾಯಿಸಲು ಅರ್ಜಿ ತುಂಬುತ್ತಿದ್ದ ವಾರದಲ್ಲೇ ಅತ್ತಿಗೆ ಕೊಟ್ಟ ದೂರಿನ ನಕಲು ಮನೆಗೆ ಬಂತು. ಒಂದನೇ ಆರೋಪಿ ಅಣ್ಣ, ಔಷಧ ಕಂಪನಿಯೊಂದರ ಮಾರಾಟ ಪ್ರತಿನಿಧಿ. ಎರಡನೇ ಆರೋಪಿ ನಾನು. ಶಿಕ್ಷೆಯಾದರೆ ಕಪ್ಪು ಕೋಟಿನ ಆಸೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಗಡಿಯಾರ ರಿಪೇರಿ ಮಾಡುವವರು. ಮನೆಯ ಹಜಾರದಲ್ಲೇ ಅವರ ಕೆಲಸದ ಮೇಜು. ಅಮ್ಮ ನಾನು ಶಾಲೆಯಲ್ಲಿದ್ದಾಗಲೇ ಹೋಗಿದ್ದರು. ಅತ್ತಿಗೆ ಬಂದ ನಾಲ್ಕು ವರ್ಷದಲ್ಲಿ ನನ್ನ ತಲೆ ಬಾಚಿ, ನನ್ನ ನೋಟ್ಸಿಗೆ ರಟ್ಟು ಹಾಕಿ, 'ಪುಟ್ಟಿ' ಎಂದು ಕರೆದವರು. ಅವರ ದೂರಿನಲ್ಲಿ ನನ್ನ ಹೆಸರಿದ್ದದ್ದು ನನಗೆ ಪೊಲೀಸರಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮೊದಲು ಅಣ್ಣ ಓದಿದ. ಮೂರು ಸಲ 'ಸುಳ್ಳು' ಎಂದ, ಮೂರು ಸಲ ಹಿಂದಕ್ಕೆ ಹೋದ. ಕೊನೆಗೆ ಪೆನ್ಸಿಲನ್ನು ಮುಟ್ಟದೆ, "ಎಳೆಯೋಕೆ ಏನೂ ಇಲ್ಲ ಮೇಡಂ. ಎಲ್ಲ ಕಟ್ಟುಕತೆ" ಎಂದ.

ಆಮೇಲೆ ನಾನು. ದೂರಿನಲ್ಲಿ ನನ್ನ ಬಗ್ಗೆ ಎರಡು ಕಡೆ ಇತ್ತು. ಒಂದು: "ಆ ಸಂಜೆ ಅವರು ಹೊಡೆಯುವಾಗ ತಪ್ಪಿಸಿಕೊಂಡು ಹೋಗಿ ನಾದಿನಿಯ ಕೋಣೆಯ ಬಾಗಿಲು ಬಡಿದೆ. ಪುಟ್ಟಿ, ಬಾಗಿಲು ತೆಗಿ ಎಂದು ಕೂಗಿದೆ. ಅವಳು ಒಳಗಿನಿಂದ ಚಿಲಕ ಹಾಕಿಕೊಂಡಳು." ಇನ್ನೊಂದು, ಹತ್ತು ದಿನದ ಮೇಲಿನದು: "ಸೋಮವಾರ ಬೆಳಗ್ಗೆ ಅವರು ಮತ್ತೆ ಹೊಡೆದರು. ನಾದಿನಿ ಹೊಸ್ತಿಲಲ್ಲಿ ನಿಂತು, ಇನ್ನೆರಡು ಕೊಡು ಅಣ್ಣ, ಬುದ್ಧಿ ಬರಲಿ ಎಂದಳು." ಆ ಸೋಮವಾರ ಬೆಳಗ್ಗೆ ನಾನು ಪರೀಕ್ಷೆ ಬರೆಯುತ್ತಿದ್ದೆ. ಎರಡನೆಯದನ್ನು ಗಟ್ಟಿಯಾಗಿ, ಸಿಟ್ಟಿನಿಂದ ಓದಿದೆ. ಮೊದಲನೆಯದನ್ನು ಹೇಗೆ ಓದಿದೆನೋ ನನಗೆ ತಿಳಿಯದು. ನಾನೂ ಗೆರೆ ಎಳೆಯಲಿಲ್ಲ.

ಮೇಡಂ ನಮ್ಮಿಬ್ಬರನ್ನೂ ನೋಡಿ, "ನಿಮ್ಮಿಬ್ಬರಿಗೂ ಒಬ್ಬಳೇ ವಕೀಲೆ ಆಗೋದು ಬೇಡ" ಎಂದರು. ಅಣ್ಣನಿಗೆ ಎದುರು ಬೀದಿಯ ವಕೀಲರೊಬ್ಬರ ವಿಳಾಸ ಬರೆದುಕೊಟ್ಟರು. "ಒಳ್ಳೆಯವರು. ಚೆನ್ನಾಗಿ ವಾದ ಮಾಡ್ತಾರೆ. ಹೋಗಿ ಬನ್ನಿ." ನನಗೆ ಮಾತ್ರ, "ಪೆನ್ಸಿಲು ನಿನ್ನ ಹತ್ರಾನೇ ಇರಲಿ. ಅವಸರ ಇಲ್ಲ" ಎಂದರು.

ಮೂರು ದಿನ ಆ ಪೆನ್ಸಿಲು ನನ್ನ ಚೀಲದಲ್ಲಿತ್ತು. ನಾಲ್ಕನೇ ದಿನ ಅಪ್ಪನನ್ನು ಕರೆದುಕೊಂಡು ಹೋಗಿ ಮೊದಲ ಸಾಲುಗಳ ಕೆಳಗೆ ಗೆರೆ ಎಳೆದೆ. ಆ ಸಂಜೆ ನನ್ನ ಕೋಣೆಯ ಬಾಗಿಲು ಸುಮ್ಮನೆ ಮುಂದಕ್ಕೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಅತ್ತಿಗೆ ಬಡಿದಾಗ ನಾನು ಎದ್ದು ಹೋಗಿ ಹಾಕಿದೆ. ತೆಗೆಯಲು ಎಷ್ಟು ಹೆಜ್ಜೆ ಬೇಕಿತ್ತೋ ಹಾಕಲೂ ಅಷ್ಟೇ ಹೆಜ್ಜೆ ನಡೆದಿದ್ದೆ. ಮರುದಿನ ಪರೀಕ್ಷೆಯಿತ್ತು, ಅಣ್ಣನ ಸಿಟ್ಟಿಗೆ ಹೆದರಿದ್ದೆ, ಗಂಡ ಹೆಂಡಿರ ನಡುವೆ ನಾನ್ಯಾಕೆ ಎಂದುಕೊಂಡೆ, ಇದೆಲ್ಲವೂ ನಿಜ. ಚಿಲಕವೂ ನಿಜ.

ಮೇಡಂ ಗೆರೆಯನ್ನು ನೋಡಿ ಕನ್ನಡಕ ತೆಗೆದರು. "ಓದುವಾಗ ನಿನ್ನ ದನಿ ಎಲ್ಲಿ ಸಣ್ಣಗಾಯ್ತು ಅಂತ ನನಗೆ ಅವತ್ತೇ ಕೇಳಿಸ್ತು. ನೋಡಮ್ಮ, ಕಾನೂನು ಓದಿದವಳು ನೀನು. ಈ ಗೆರೆ ನಿನ್ನೊಬ್ಬಳ ಮೇಲೆ ನಿಲ್ಲೋದಿಲ್ಲ. ಚಿಲಕ ಹಾಕ್ಕೊಂಡೆ ಅಂದರೆ ಹೊರಗೆ ಗಲಾಟೆ ಕೇಳಿಸ್ತು ಅಂತಾಯ್ತು. ಕೇಳಿಸ್ತು ಅಂದರೆ ನಿನ್ನಣ್ಣ ಕೈ ಎತ್ತಿದ ಅಂತಾಯ್ತು. ಇದನ್ನ ಕೋರ್ಟಲ್ಲಿ ಹೇಳು ಅಂತ ನಾನು ಯಾವತ್ತೂ ಒತ್ತಾಯ ಮಾಡಲ್ಲ. ಸುಮ್ಮನಿರೋ ಹಕ್ಕು ನಿನಗಿದೆ. ಸುಮ್ಮನಿದ್ದರೂ ನಿನ್ನ ಕೇಸು ನಡೆಸ್ತೀನಿ, ಆ ಸೋಮವಾರದ ಮಾತನ್ನ ಹೊಡೆದು ಹಾಕ್ತೀನಿ. ಆದರೆ, ನೀವು ಬಾಗಿಲು ಬಡಿದೇ ಇಲ್ಲ ಅಲ್ವಾ ಅಂತ ನಿನ್ನ ಅತ್ತಿಗೆಯನ್ನ ನಿಲ್ಲಿಸಿ ಕೇಳೋದು ಮಾತ್ರ ನನ್ನ ಕೈಲಾಗಲ್ಲ."

ಮೆಟ್ಟಿಲಿಳಿಯುವಾಗ ಅಪ್ಪ ನಡುವೆ ನಿಂತರು. ನಾನು ಮಂಡಿ ನೋವೆಂದುಕೊಂಡೆ. ಅಪ್ಪ ಕಂಬಿ ಹಿಡಿದು, "ನನಗೂ ಕೇಳಿಸಿತ್ತು ಕಣೇ" ಎಂದರು. "ಕಣ್ಣಿಗೆ ಗಾಜು ಹಾಕ್ಕೊಂಡು ಒಂದು ಸ್ಪ್ರಿಂಗು ಹಿಡಿದಿದ್ದೆ. ಕೈ ಬಿಟ್ಟರೆ ಕಳೆದುಹೋಗತ್ತೆ ಅಂತ ಏಳಲಿಲ್ಲ." ನನ್ನ ಎದೆಯ ಮೇಲಿಂದ ಒಂದು ಕಲ್ಲು ಇಳಿದಂತಾಯಿತು. ಅದು ಅಪ್ಪನ ಎದೆಗೆ ಹೋಯಿತೆಂದು ಸಂಕಟವೂ ಆಯಿತು.

ವಿಚಾರಣೆ ನಡೆದದ್ದು ಎರಡು ವರ್ಷ. ಅಣ್ಣ ಅಷ್ಟರಲ್ಲಿ ಬೇರೆ ಕೋಣೆ ಮಾಡಿಕೊಂಡಿದ್ದ. ನನ್ನ ಗೆರೆಯ ಸುದ್ದಿ ಅವನಿಗೆ ತಿಳಿದು, ಒಂದು ದಿನ ಬಂದು ಬಾಗಿಲಲ್ಲೇ ನಿಂತು, "ನನ್ನ ಕತ್ತು ಕೊಯ್ದು ನೀನು ಕರಿ ಕೋಟು ಹಾಕ್ಕೋತೀಯಾ?" ಎಂದ. ಕೋಟಿನ ಆಸೆಗೆ ಗೆರೆ ಎಳೆದೆನೇ ಎಂದು ನಾನೂ ನನ್ನನ್ನು ಕೇಳಿಕೊಂಡಿದ್ದೇನೆ. ಬಾಯಿಬಿಟ್ಟರೆ ಕೋಟು ಸಿಗುತ್ತದೆಂಬ ಭರವಸೆ ಯಾರೂ ಕೊಟ್ಟಿರಲಿಲ್ಲ. ಬಂಧುಗಳಂತೂ, ಒಪ್ಪಿಕೊಂಡರೆ ಇಬ್ಬರೂ ಒಳಗೆ ಹೋಗುತ್ತೀರಿ ಎಂದೇ ಹೆದರಿಸಿದ್ದರು.

ಪಾಟೀಸವಾಲಿನ ದಿನ ಅತ್ತಿಗೆ ಕಟಕಟೆಯಲ್ಲಿ ನಿಂತಿದ್ದರು. ಎದುರು ಬೀದಿಯ ವಕೀಲರು ಅವರನ್ನು ಎರಡು ಗಂಟೆ ಪ್ರಶ್ನಿಸಿ, ಅವರ ಒಂದೊಂದು ಮಾತಿಗೂ 'ಇದು ಸುಳ್ಳಲ್ಲವೇ' ಎಂದು ಬಾಲ ಸೇರಿಸಿದ್ದರು. ಮೇಡಂ ಎದ್ದವರೇ ಮೊದಲು ಸಾಕ್ಷಿಗೆ ಕುರ್ಚಿ ಕೊಡಿಸಬೇಕೆಂದು ನ್ಯಾಯಾಧೀಶರನ್ನು ಕೋರಿದರು. ಆಮೇಲೆ ಹೇಳಿದರು: "ನೀವು ಬಾಗಿಲು ಬಡಿದಿರಿ, ನನ್ನ ಕಕ್ಷಿದಾರಳು ಒಳಗಿನಿಂದ ಚಿಲಕ ಹಾಕಿಕೊಂಡಳು. ಅದು ನಿಜ ಅಂತ ಅವಳು ಹೇಳಿದ್ದಾಳೆ. ಆ ಬಗ್ಗೆ ನಾನು ನಿಮ್ಮನ್ನ ಏನೂ ಕೇಳೋದಿಲ್ಲ."

ಆ ಮಾತಿಗೆ ಅನುಮತಿ ಕೊಟ್ಟದ್ದು ನಾನೇ. ಆದರೂ ಅದು ದೊಡ್ಡ ದನಿಯಲ್ಲಿ ಕಿವಿಗೆ ಬಿದ್ದಾಗ ಬೆಂಚಿನ ಅಂಚು ಹಿಡಿದುಕೊಂಡೆ. ಅಣ್ಣ ತಲೆ ತಗ್ಗಿಸಿದ. ಅತ್ತಿಗೆ ಎರಡು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಕಡೆ ನೋಡಿದರು.

"ಈಗ ಸೋಮವಾರದ ಮಾತು," ಎಂದರು ಮೇಡಂ. ಪರೀಕ್ಷೆಯ ಹಾಜರಿ ಪಟ್ಟಿ ಅವರ ಕೈಯಲ್ಲೇ ಇತ್ತು. ಅದನ್ನು ಎತ್ತಿ ತೋರಿಸಲಿಲ್ಲ. "ಇನ್ನೆರಡು ಕೊಡು ಅಣ್ಣ ಅಂತ ಇವಳು ಅಂದದ್ದು ನಿಮ್ಮ ಕಿವಿಗೆ ಬಿತ್ತಾ? ನಿಧಾನವಾಗಿ ನೆನಪು ಮಾಡಿಕೊಂಡು ಹೇಳಿ."

ಬೆರಳಚ್ಚಿನವರು ಕೈ ಎತ್ತಿ ಕಾಯುತ್ತಿದ್ದರು. ಕೊನೆಗೆ ಅತ್ತಿಗೆ, "ಅವಳು ಅನ್ನಲಿಲ್ಲ" ಎಂದರು. "ಆವತ್ತು ಅವಳು ಮನೇಲೂ ಇರಲಿಲ್ಲ. ಆದರೆ ಆ ಸಂಜೆ ಚಿಲಕ ಹಾಕಿದ ಶಬ್ದ ಬಂತಲ್ಲ, ನನಗೆ ಹಾಗೇ ಕೇಳಿಸ್ತು. ಇನ್ನೆರಡು ಕೊಡು ಅಂದ ಹಾಗೇ."

ಮೇಡಂ ತಲೆ ಬಾಗಿಸಿ, "ಇನ್ನೇನೂ ಇಲ್ಲ" ಎಂದು ಕೂತರು. ಹಾಜರಿ ಪಟ್ಟಿಯನ್ನು ಬೀಸಿ, ಸುಳ್ಳುಗಾರ್ತಿಯೆಂದು ಕೂಗಿ, ಅವರನ್ನು ಅಲ್ಲೇ ನೆಲಕ್ಕೆ ಕೆಡವಬಹುದಿತ್ತು. ಬೇರೆ ಯಾರೇ ಆಗಿದ್ದರೂ ಕೆಡವುತ್ತಿದ್ದರು. ಅದರಲ್ಲಿ ತಪ್ಪೂ ಇರುತ್ತಿರಲಿಲ್ಲ. ಹಾಗೆ ಮಾಡಿದ್ದರೆ ಅತ್ತಿಗೆ ಹಟ ಹಿಡಿದು ಆ ಮಾತಿಗೇ ಅಂಟಿಕೊಳ್ಳುತ್ತಿದ್ದರು. ತಮ್ಮ ನಿಜವನ್ನು ಒಪ್ಪಿಕೊಂಡವರ ಎದುರಿಗೆ ಮನುಷ್ಯರು ತಮ್ಮ ಸುಳ್ಳನ್ನು ಬಿಟ್ಟುಕೊಡುತ್ತಾರೆ ಎಂಬ ಪಾಠವನ್ನು ಐದು ವರ್ಷದ ಕಾನೂನು ತರಗತಿಗಳಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ನನ್ನ ಬಿಡುಗಡೆಯಾಯಿತು. ಅಣ್ಣನ ಮೇಲಿನ ಹಲ್ಲೆಯ ಆರೋಪ ಸಾಬೀತಾಯಿತು. ಜೈಲಿಗೆ ಕಳಿಸದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು, ವರ್ಷಪೂರ್ತಿ ವಾರಕ್ಕೊಮ್ಮೆ ಆಪ್ತಸಲಹೆಗೆ ಹೋಗಬೇಕೆಂದು ನ್ಯಾಯಾಧೀಶರು ವಿಧಿಸಿದರು. ಓಣಿಗೆ ಬಂದು ನಾನು ಅತ್ತಾಗ ಮೇಡಂ ತಮ್ಮ ಕರವಸ್ತ್ರ ಕೊಟ್ಟು, "ಕಾನೂನಿನಲ್ಲಿ ಚಿಲಕಕ್ಕೆ ಕಲಂ ಇಲ್ಲ. ನಿನ್ನೊಳಗೆ ಇದೆ ಅನ್ನಿಸಿದರೆ ಅದನ್ನ ನೀನೇ ನೋಡ್ಕೋಬೇಕು. ಕೆಲಸ ಬೇಕಾದರೆ ಸೋಮವಾರ ಬಾ" ಎಂದರು. ಆ ಸಂಜೆ ಅಪ್ಪ ಗಡಿಯಾರದ ಸಣ್ಣ ತಿರುಪುಳಿ ಹಿಡಿದು, ಅದು ಸಾಲದೆ ಪಕ್ಕದ ಮನೆಯಿಂದ ದೊಡ್ಡದನ್ನು ತಂದು, ನನ್ನ ಕೋಣೆಯ ಚಿಲಕ ಬಿಚ್ಚಿ ತೆಗೆದರು. ನಾನು ಕೇಳಿರಲಿಲ್ಲ. ಬಾಗಿಲ ಮೇಲೆ ನಾಲ್ಕು ತೂತು ಉಳಿದವು.

ಹೀಗೆ ಸೇರಿದ ಕಚೇರಿಯಲ್ಲಿ ನಾನು ಕಂಡದ್ದನ್ನೆಲ್ಲ ಬರೆಯಲು ಈ ಪುಟಗಳು ಸಾಲವು. ಗೆರೆ ಎಳೆದವರಷ್ಟೇ ಮೇಡಂ ಅವರಿಗೆ ಬೇಕಾದವರು ಎಂದು ಯಾರಾದರೂ ತಿಳಿದರೆ ಅದು ತಪ್ಪು. ಒಬ್ಬ ಬಸ್ ಕಂಡಕ್ಟರ್ ನಾಲ್ಕು ಪುಟದ ದೂರು ಓದಿ, ಬೆವರು ಒರೆಸಿಕೊಂಡು, ಒಂದೇ ಸಾಲಿಗೆ ಗೆರೆ ಎಳೆದರು: 'ನಮಗೆ ಮದುವೆಯಾಗಿ ಏಳು ವರ್ಷವಾಗಿದೆ.' ಮೇಡಂ ಅವರನ್ನು ನಂಬಿದರು. ನಂಬಿದ್ದರಿಂದ ಸುಮ್ಮನೆ ಕೂರಲಿಲ್ಲ. ಹನ್ನೊಂದು ತಿಂಗಳು ಡಿಪೋದ ಹಳೆಯ ಡ್ಯೂಟಿ ಹಾಳೆಗಳನ್ನು ಧೂಳಿನಿಂದ ಎತ್ತಿಸಿ, ಒಂದೊಂದು ತಾರೀಖಿಗೂ ಆತ ಯಾವ ಊರಿನ ದಾರಿಯಲ್ಲಿದ್ದರು ಎಂದು ಜೋಡಿಸಿದರು. ತೀರ್ಪಿನ ದಿನ ಆತ ಕಚೇರಿಗೆ ಬಂದು ಸಿಹಿ ಹಂಚಲಿಲ್ಲ, ಕಾಲಿಗೆ ಬೀಳಲಿಲ್ಲ. ಹಲಗೆಯ ಮುಂದೆ ನಿಂತು, "ನನ್ನ ಬೀಗದಕೈ ಕೊಡ್ತೀರಾ?" ಎಂದರು. ಫೈಲು ಮಾಮ ಅದನ್ನು ಕರವಸ್ತ್ರದಲ್ಲಿ ಒರೆಸಿ ಕೊಟ್ಟರು.

ನನ್ನ ತಪ್ಪೊಂದನ್ನೂ ಇಲ್ಲಿ ಹೇಳಬೇಕು. ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಬ್ಬ ಗಾರೆ ಕೆಲಸದವರು ಬಂದರು. ಓದು ಬರದವರು. ಅಂಥವರಿಗೆ ನಮ್ಮಲ್ಲೊಬ್ಬರು ಓದಿ ಹೇಳುವುದು ರೂಢಿ. ಒಂದು ಅಕ್ಷರವೂ ಬಿಡಬಾರದು. ನಾನು ಓದಿದೆ. ಮೂರನೇ ಪುಟದಲ್ಲಿ ಒಂದು ಸಾಲಿತ್ತು: 'ಅಪ್ಪನ ಚಪ್ಪಲಿಯ ಸದ್ದು ಕೇಳಿದರೆ ಮಗಳು ಮಂಚದ ಕೆಳಗೆ ಹೋಗುತ್ತಾಳೆ.' ಆ ಮನುಷ್ಯ ಆಗಲೇ ಕುಗ್ಗಿ ಕೂತಿದ್ದರು. ಪಾಪವೆನಿಸಿ ಆ ಸಾಲು ಬಿಟ್ಟು ಮುಂದೆ ಹೋದೆ. ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರು ಅದನ್ನೇ ಓದಿದರು. ಆತ ಮೊದಲ ಬಾರಿಗೆ, ಅಷ್ಟು ಜನರ ನಡುವೆ, ಅದನ್ನು ಕೇಳಿಸಿಕೊಂಡು ನೆಲದ ಮೇಲೆ ಕುಸಿದು ಕೂತರು.

ಮೇಡಂ ಎದ್ದು, "ನನ್ನ ಕಕ್ಷಿದಾರರಿಗೆ ಈ ಸಾಲು ತಿಳಿಸಿರಲಿಲ್ಲ. ಅದು ನನ್ನ ಲೋಪ. ಹತ್ತು ನಿಮಿಷ ಕೊಡಬೇಕು" ಎಂದು ಬೇಡಿಕೊಂಡರು. ನನ್ನ ಹೆಸರೆತ್ತಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಆತನ ಪಕ್ಕ ಕೂತು ಆ ಸಾಲನ್ನು ತಾವೇ ನಿಧಾನವಾಗಿ ಎರಡು ಸಲ ಓದಿದರು. ಆತ, "ಅಕ್ಕೋರೇ, ಅವಳು ಆಟ ಆಡ್ತಾಳೆ ಅಂತ ನಾನು ಅಂದ್ಕೊಂಡಿದ್ದೆ. ನಾನೂ ಬಗ್ಗಿ ನೋಡಿ ನಗ್ತಿದ್ದೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಪೆನ್ಸಿಲು ಕೇಳಿದರು. ಅಕ್ಷರ ಬಾರದ ಆ ಕೈ ಎಳೆದ ಗೆರೆ ಕಾಗದವನ್ನೇ ಹರಿದಿತ್ತು. ಆಮೇಲೆ ಕಚೇರಿಯಲ್ಲಿ ಮೇಡಂ ನನಗೆ ಬೈಯುತ್ತಾರೆಂದು ಕಾದೆ. ಅವರು ಹೇಳಿದ್ದು ಇಷ್ಟೇ: "ಮತ್ತೆ ಚಿಲಕ ಹಾಕಿದೆಯಲ್ಲೇ." ಆ ಮಾತಿನ ನಂತರ ಇಂದಿನವರೆಗೆ ನಾನು ಯಾರ ಮುಂದೆಯೂ ಒಂದು ಸಾಲು ಬಿಟ್ಟು ಓದಿಲ್ಲ.

ಮೇಡಂ ಅವರ ಇಂಥ ಗದರಿಕೆಗಳಿಗೆ ಹೆದರದ ಒಂದೇ ಜೀವವೆಂದರೆ ಅವರ ಅಕ್ಕ. ಇಬ್ಬರೂ ಒಟ್ಟಿಗಿರುವುದು ಒಂದು ಸಣ್ಣ ಮನೆಯಲ್ಲಿ, ನಡುಗೋಡೆಯ ಆಚೆ ಮಕ್ಕಳ ಗಲಾಟೆ ಕೇಳಿಸುವ ಬೀದಿಯಲ್ಲಿ. ರಜಾದಿನ ಮಧ್ಯಾಹ್ನ ಮೇಡಂ ಒಂದು ಗಳಿಗೆ ಕಾಲು ಚಾಚಿದರೆ ಸಾಕು, ಯಾರೋ ಬಾಗಿಲು ಬಡಿಯುತ್ತಾರೆ: ಯಾರದೋ ಮಗನನ್ನು ಠಾಣೆಗೆ ಕರೆದೊಯ್ದರು, ಯಾರದೋ ತಾಯಿಯ ಹೆಸರು ದೂರಿನಲ್ಲಿ ಬಂತು. ಮೇಡಂ ತಾವೇ ಎದ್ದು ಬಾಗಿಲು ತೆಗೆಯುತ್ತಾರೆ. "ಇವಳು ಕಣ್ಣು ಮುಚ್ಚಿದ್ದನ್ನ ಮೂವತ್ತು ವರ್ಷದಲ್ಲಿ ನಾನು ನೋಡಿಲ್ಲ. ಪೂರ್ತಿ ಬಿಟ್ಟಿದ್ದನ್ನೂ ನೋಡಿಲ್ಲ" ಎಂದು ಅಕ್ಕ ನಮ್ಮ ಮುಂದೆ ಆಡಿಕೊಳ್ಳುತ್ತಾರೆ.

ನಾಲ್ಕು ವರ್ಷದ ಹಿಂದೆ, ಒಂದು ಬೆಳಗ್ಗೆ, ಫೈಲು ಮಾಮ ಒಳಗೆ ಬಂದು ನನ್ನ ಕಿವಿಯ ಹತ್ತಿರ ಬಗ್ಗಿ, "ಬೆಂಚಿನ ಮೇಲೆ ನಿಮ್ಮ ಅತ್ತಿಗೆ ಕೂತಿದ್ದಾರೆ" ಎಂದರು. ಕಾನೂನಿನ ಪ್ರಕಾರ ಅವರು ಆಗ ನನಗೆ ಯಾರೂ ಅಲ್ಲ. ವಿಚ್ಛೇದನವಾಗಿ ಎಷ್ಟೋ ವರ್ಷವಾಗಿತ್ತು. ಫೈಲು ಮಾಮನ ನಾಲಿಗೆಗೂ ನನ್ನದಕ್ಕೂ ಬೇರೆ ಪದ ಹೊರಳಲಿಲ್ಲ. ಹೊರಗೆ ಬಂದು ನೋಡಿದೆ. ಅಪ್ಪ ಹಿಂದೆ ಕೂತಿದ್ದ ಜಾಗದಲ್ಲೇ ಅತ್ತಿಗೆ, ಕಿವಿಯ ಬಳಿ ನರೆ, ಮಡಿಲಲ್ಲಿ ಅವರು ಕೆಲಸ ಮಾಡುವ ಶಾಲೆಯ ಕಾಗದಗಳ ಚೀಲ. ಪಕ್ಕದಲ್ಲಿ ಅವರ ತಮ್ಮ, ಮದುವೆಯಲ್ಲಿ ನನ್ನ ಚಪ್ಪಲಿ ಬಚ್ಚಿಟ್ಟು ಕಾಡಿದ್ದವನು, ಈಗ ಎರಡು ಮಕ್ಕಳ ತಂದೆ. ಅವನ ಹೆಂಡತಿ ದೂರು ಕೊಟ್ಟಿದ್ದಳು.

ಮೇಡಂ ಇಬ್ಬರನ್ನೂ ಒಳಗೆ ಕರೆದು, ಅತ್ತಿಗೆಯನ್ನು ನೋಡಿ, "ಊರಲ್ಲಿ ಇಷ್ಟು ವಕೀಲರಿದ್ದಾರೆ. ನಿಮ್ಮನ್ನ ಕಟಕಟೆಯಲ್ಲಿ ಪ್ರಶ್ನೆ ಕೇಳಿದವಳ ಹತ್ತಿರ ಯಾಕೆ ಬಂದಿರಿ?" ಎಂದು ನೇರವಾಗಿಯೇ ಕೇಳಿದರು.

"ಅವತ್ತು ಅಲ್ಲಿದ್ದವರಲ್ಲಿ ನನಗೆ ಕುರ್ಚಿ ಕೇಳಿದವರು ನೀವೊಬ್ಬರೇ" ಎಂದರು ಅತ್ತಿಗೆ. "ಇವನಿಗೆ ಸುಳ್ಳು ಹೇಳಿ ಬಿಡಿಸೋ ವಕೀಲರು ಬೇಡ. ಇವನನ್ನ ಕಂಡರೆ ಹಲ್ಲು ಕಡಿಯೋರೂ ಬೇಡ. ಓದಿಸಿ. ಏನಿದೆಯೋ ನೋಡೋಣ."

ಅತ್ತಿಗೆಯ ತಮ್ಮ ಎರಡನೇ ಸಾಲಿಗೇ, "ಇದು ಶುದ್ಧ ಸುಳ್ಳು ಅಕ್ಕ—" ಎಂದ.

"ಬಾಯ್ಮುಚ್ಕೊಂಡು ಓದೋ" ಎಂದರು ಅತ್ತಿಗೆ.

ಮೇಡಂ ನಕ್ಕದ್ದನ್ನು ಆ ಕೋಣೆಯಲ್ಲಿ ನಾನು ಕಂಡದ್ದು ಬಹಳ ಅಪರೂಪ. ಅವತ್ತು ನಕ್ಕರು. "ಬಾಯ್ಮುಚ್ಕೊಂಡು ಹೇಗೆ ಓದ್ತಾನಮ್ಮ? ಮೊದಲಿಂದ ಶುರು ಮಾಡಪ್ಪ." ಅವನು ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಎರಡು ಕಡೆ ಗೆರೆ ಎಳೆದ; ಒಂದು ಕಡೆ ಪೆನ್ಸಿಲು ಇಟ್ಟು, ತೆಗೆದು, ಮತ್ತೆ ಇಟ್ಟ. ಅವನ ಮೊಕದ್ದಮೆಯನ್ನು ನಾನು ಮುಟ್ಟಬಾರದೆಂದು ಮೇಡಂ ತಾವೇ ನಡೆಸಿದರು. ಮುಂದಿನದು ಆ ಮನೆಯವರಿಗೆ ಸೇರಿದ್ದು, ಇಲ್ಲಿ ಬರೆಯುವುದಿಲ್ಲ. ಆ ಹೆಣ್ಣುಮಗಳೂ ಮಕ್ಕಳೂ ಈಗ ಹೆದರದೆ ಇದ್ದಾರೆಂದಷ್ಟೇ ಬಲ್ಲೆ.

ಅವನು ಒಳಗೆ ವಕಾಲತ್ತಿಗೆ ಸಹಿ ಹಾಕುತ್ತಿದ್ದಾಗ ಅತ್ತಿಗೆಯೂ ನಾನೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಕ್ಷಮೆ ಕೇಳಬೇಕೆಂದು ಎಷ್ಟೋ ವರ್ಷ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವರೇ ಕೇಳಿದರು: "ಆ ಕೋಣೆಗೆ ಚಿಲಕ ಇದೆಯೇನೇ, ಪುಟ್ಟಿ?"

"ಅಪ್ಪ ಬಿಚ್ಚಿಬಿಟ್ಟರು. ತೀರ್ಪಿನ ದಿನವೇ."

ಅವರು ತುಸು ಹೊತ್ತು ಎದುರಿನ ಬೀಗದಕೈಗಳ ಹಲಗೆ ನೋಡುತ್ತಿದ್ದರು. "ಇಷ್ಟು ದೊಡ್ಡ ವಕೀಲೆ ಆಗಿದ್ದೀಯ, ತಲೆ ಮಾತ್ರ ಈಗಲೂ ಸರಿಯಾಗಿ ಬಾಚ್ಕೊಳ್ಳೋಕೆ ಬರಲ್ಲ ನಿನಗೆ" ಎಂದು ನನ್ನ ಕಿವಿಯ ಹಿಂದಕ್ಕೆ ಒಂದು ಎಳೆ ಸರಿಸಿದರು. ಆವತ್ತಿನಿಂದ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ. ಅಣ್ಣ ಅಪ್ಪನ ಕೊನೆಯ ಕಾಯಿಲೆಯಲ್ಲಿ ಮನೆಗೆ ಬಂದ, ಈಗಲೂ ಬರುತ್ತಾನೆ; ಆ ಸಂಜೆಯ ಬಗ್ಗೆ ನಾವಿಬ್ಬರೂ ಇನ್ನೂ ಮಾತಾಡಿಲ್ಲ. ಒಂದು ಪೆನ್ಸಿಲು ಅವನಿಗಾಗಿ ನನ್ನ ಮೇಜಿನ ಮೇಲಿರುತ್ತದೆ.

ಮೇಡಂ ಕಚೇರಿ ಬಿಡುತ್ತಿರುವ ಈ ಹೊತ್ತಿಗೆ ಹಲಗೆಯ ಮೇಲೆ ಉಳಿದಿರುವುದು ಮೂರೇ ಬೀಗದಕೈ. ಅವುಗಳ ಜವಾಬ್ದಾರಿ ಇನ್ನು ನಮ್ಮದು. ಶನಿವಾರದ ಬೆಳಗ್ಗೆ ಹೊಸ ವಕೀಲರಿಗೆ ಓದಿಸುವುದನ್ನು ಕಲಿಸುತ್ತೇನೆಂದು ಅವರು ಮಾತು ಕೊಟ್ಟಿದ್ದಾರೆ. ಆ ಮಾತು ತಪ್ಪಲು ನಾವು ಬಿಡುವುದಿಲ್ಲ. ಅವರ ಮಂಡಿಗೆ ಮೂವತ್ತೊಂದು ಮೆಟ್ಟಿಲಿನ ಶಕ್ತಿ ಇನ್ನೂ ಬಹುಕಾಲ ಉಳಿಯಲಿ, ಅವರ ಪೆನ್ಸಿಲಿನ ಮೊನೆ ಸವೆಯದಿರಲಿ, ಅಕ್ಕನೊಡನೆ ಜಗಳವಾಡುತ್ತ ಅವರು ತುಂಬು ಬಾಳು ಬಾಳಲಿ. ಉಳಿದ ದಿನಗಳ ಮಧ್ಯಾಹ್ನ ಊಟ ಮುಗಿಸಿ ಅವರು ಮನೆಯ ಬಾಗಿಲಿಗೆ ನೆಮ್ಮದಿಯಾಗಿ ಚಿಲಕ ಹಾಕಿಕೊಂಡು ಮಲಗಲಿ. ಯಾರಾದರೂ ಬಂದು ಬಡಿದರೆ ಎರಡು ಬೀದಿ ದಾಟಿ ನಮ್ಮಲ್ಲಿಗೆ ಕಳಿಸಲು ಅಕ್ಕನಿಗೆ ಹೇಳಿದ್ದೇನೆ. ಬಾಗಿಲು ನಾವು ತೆಗೆಯುತ್ತೇವೆ, ಮೇಡಂ.